ವಿಡಿಯೊ ಉಳಿಸಿದರೆ ಸಾಲದು, ಅದರೊಳಗೆ ಹುಡುಕಲೂ ಬರಬೇಕು

ಸಂಪಾದಕರಿಗೆ,

ಮಾನ್ಯರೇ,

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಹಾಗೂ ಖಾಸಗಿ ಸಂಗ್ರಾಹಕರು ತಮ್ಮಲ್ಲಿರುವ ಹಳೆಯ ವಿಡಿಯೊ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವುದು ಸಂತೋಷದ ಸಂಗತಿ. ಕಾಂತೀಯ ಟೇಪು ಬಹುಕಾಲ ಬಾಳುವ ವಸ್ತುವಲ್ಲ. ಅದನ್ನು ಓದಬಲ್ಲ ಯಂತ್ರಗಳ ತಯಾರಿಕೆಯೂ ನಿಂತುಹೋಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2025ನೇ ಇಸವಿಯನ್ನು ಈ ಕೆಲಸಕ್ಕೆ ಗಡುವೆಂದು ಬಹಳ ಮೊದಲೇ ಸಾರಿತ್ತು. 2019ರಲ್ಲಿ ಯುನೆಸ್ಕೊ ಕೂಡ ಟೇಪು ಸಂಗ್ರಹಗಳ ಬಗ್ಗೆ ಜಗತ್ತಿಗೆ ಎಚ್ಚರಿಕೆ ನೀಡಿತು. ಆದ್ದರಿಂದ ಈಗ ನಡೆಯುತ್ತಿರುವ ಕೆಲಸ ಬೇಗ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಉತ್ಸಾಹದಲ್ಲಿ ಒಂದು ಮುಖ್ಯ ಅಂಗವೇ ಬಿಟ್ಟುಹೋಗುತ್ತಿದೆ. ವಿಡಿಯೊದ ಒಳಗೆ, ಯಾವ ನಿಮಿಷದಲ್ಲಿ, ಯಾರು, ಯಾವ ವಿಷಯ ಮಾತಾಡಿದ್ದಾರೆ, ಏನು ನಡೆದಿದೆ ಎಂಬ ಸೂಚಿ ಬಹುತೇಕ ಎಲ್ಲಿಯೂ ತಯಾರಾಗುತ್ತಿಲ್ಲ. ಸೂಚಿಯಿಲ್ಲದ ಸಾವಿರ ಗಂಟೆಗಳ ವಿಡಿಯೊ ಓದುಗನ ಪಾಲಿಗೆ ಇಲ್ಲದ ವಿಡಿಯೊವೇ. ಇದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ.

ಯಕ್ಷಗಾನ, ತಾಳಮದ್ದಳೆಗಳ ಸಂಗ್ರಹವನ್ನೇ ನೋಡೋಣ. ನಾನು ಕಂಡಿರುವ ಹಲವು ಹಾರ್ಡ್‌ಡಿಸ್ಕ್‌ಗಳಲ್ಲಿ ಕಡತಗಳ ಹೆಸರು ‘ಆಟ ಭಾಗ ಎರಡು’, ‘ಹೊಸದು’, ‘ಹೊಸದು ಮತ್ತೊಂದು’ ಎಂಬಂತೆ ಇರುತ್ತದೆ. ಕೆಲವೆಡೆ ಪ್ರಸಂಗದ ಹೆಸರು, ಮೇಳದ ಹೆಸರು, ತಾರೀಖು ಇರುತ್ತವೆ. ಇಷ್ಟಿದ್ದರೆ ಅದು ಉತ್ತಮ ಸಂಗ್ರಹವೆಂದೇ ಲೆಕ್ಕ. ಇಡೀ ರಾತ್ರಿಯ ಆಟವೆಂದರೆ ಸುಮಾರು ಎಂಟು ಗಂಟೆ. ವಾಲಿಗೆ ಬಾಣ ತಗುಲಿದ ಮೇಲೆ ರಾಮನನ್ನು ಅವನು ಪ್ರಶ್ನಿಸುವ ಸಂದರ್ಭವನ್ನು ಬೇರೆ ಬೇರೆ ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವ ಕಲಾವಿದರು) ಹೇಗೆ ಬೆಳೆಸಿದ್ದಾರೆ ಎಂದು ಅಭ್ಯಾಸ ಮಾಡಹೊರಟ ವಿದ್ಯಾರ್ಥಿನಿಯೊಬ್ಬಳು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತಿದ್ದಳು. ಅವಳಿಗೆ ಬೇಕಾದದ್ದು ಪ್ರತಿ ಧ್ವನಿಮುದ್ರಣದ ಹತ್ತಿಪ್ಪತ್ತು ನಿಮಿಷ. ಅದಕ್ಕಾಗಿ ಅವಳು ರಾತ್ರಿಗಟ್ಟಲೆ ವಿಡಿಯೊಗಳನ್ನು ಹಿಂದೆ ಮುಂದೆ ಓಡಿಸುತ್ತ ಕೂರಬೇಕಾಯಿತು. ಕಡೆಗೆ ಅವಳು ತನ್ನ ಅಭ್ಯಾಸದ ವ್ಯಾಪ್ತಿಯನ್ನೇ ಕಿರಿದುಮಾಡಿಕೊಂಡಳು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಿದ್ವತ್ತು ಧ್ವನಿಯಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನ ನಡೆ ದೃಶ್ಯದಲ್ಲಿ ಉಳಿದಿರುವುದು ನಮ್ಮ ಭಾಗ್ಯ. ಆದರೆ ಅಭ್ಯಾಸಿಗೆ ಆ ಕ್ಷಣ ಕೈಗೆ ಸಿಗದಿದ್ದರೆ ಉಳಿಸಿದ್ದರ ಫಲವೇನು?

ಹೆಸರು ಟೈಪು ಮಾಡಿ ಹುಡುಕುವ ಸೌಲಭ್ಯವಿದೆಯಲ್ಲ ಎಂದು ಕೇಳುವವರಿದ್ದಾರೆ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಹುಡುಕಾಟ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಅರ್ಥಧಾರಿ ತನ್ನ ಮಾತಿನಲ್ಲಿ ‘ರಾಮ’ ಎಂದು ಹೇಳುವುದಕ್ಕಿಂತ ರಾಘವ, ದಾಶರಥಿ, ಕೋದಂಡಪಾಣಿ, ‘ಅಯೋಧ್ಯೆಯ ಅರಸುಕುಮಾರ’ ಎಂದು ಹೇಳುವುದೇ ಹೆಚ್ಚು. ‘ಮರೆಯಲ್ಲಿ ನಿಂತು ಕೊಂದದ್ದು ಧರ್ಮವೇ’ ಎಂಬ ಪ್ರಶ್ನೆಯನ್ನು ಒಬ್ಬರು ‘ಮರದ ಹಿಂದಿನಿಂದ ಬಂದ ಬಾಣಕ್ಕೆ ಕ್ಷತ್ರಿಯನ ಹೆಸರು ಯಾಕೆ’ ಎಂದು ಕೇಳಿದರೆ ಇನ್ನೊಬ್ಬರು ‘ಎದುರಿಗೆ ಬರುವ ಎದೆ ನಿನಗಿರಲಿಲ್ಲವೋ’ ಎಂದು ಕೇಳಬಹುದು. ಮೂರರಲ್ಲೂ ಇರುವ ಆಕ್ಷೇಪ ಒಂದೇ, ಆದರೆ ಪದಗಳು ಬೇರೆ. ಕಲೆಯಿಂದಾಚೆಗೂ ಇದೇ ಸ್ಥಿತಿ. ಕೃಷಿ ಕಾರ್ಯಕ್ರಮಗಳ ಹಳೆಯ ಸಂಗ್ರಹದಲ್ಲಿ ಬರಗಾಲದ ಬಗ್ಗೆ ರೈತರು ಹೇಳಿದ್ದನ್ನು ಹುಡುಕುವವರು ‘ಬರ’ ಎಂದು ಟೈಪು ಮಾಡುತ್ತಾರೆ. ಗದಗದ ಕಡೆಯ ರೈತ ಕ್ಯಾಮೆರಾದ ಮುಂದೆ ‘ಮಳಿ ಹೋತ್ರಿ, ಜ್ವಾಳ ನಿಂತಲ್ಲೇ ಒಣಗ್ಯಾವ’ ಎಂದಷ್ಟೇ ಹೇಳಿರುತ್ತಾನೆ. ಇದರ ಮೇಲೆ ನಮ್ಮ ಭಾಷೆಯ ವಿಭಕ್ತಿ ಪ್ರತ್ಯಯಗಳು, ಸಂಧಿಗಳು ಬೇರೆ. ಮಾತಿನ ಹೊರರೂಪವನ್ನು ದಾಟಿ, ಅದು ಯಾವುದರ ಬಗ್ಗೆ ಎಂಬುದನ್ನು ಹಿಡಿಯುವ ಹುಡುಕಾಟ ನಮಗೆ ಬೇಕಾಗಿದೆ.

ಇಂಥದ್ದು ಆಗುವ ಕೆಲಸವೇ ಎಂಬ ಸಂಶಯಕ್ಕೆ ಜಗತ್ತಿನಲ್ಲಿ ಉತ್ತರಗಳಿವೆ. ನಾಜಿಗಳ ಹತ್ಯಾಕಾಂಡದಿಂದ ಬದುಕುಳಿದವರ ಸಾಕ್ಷ್ಯಗಳನ್ನು ವಿಡಿಯೊದಲ್ಲಿ ದಾಖಲಿಸಲು ಅಮೆರಿಕದಲ್ಲಿ 1994ರಲ್ಲಿ ಆರಂಭವಾದ, ಈಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ಶೋವಾ ಫೌಂಡೇಶನ್ನಿನ ಬಳಿ 50 ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳಿವೆ. ಅಲ್ಲಿನವರು ಅವುಗಳನ್ನು ದಾಖಲಿಸಿ ಸುಮ್ಮನಾಗಲಿಲ್ಲ. ತರಬೇತಿ ಪಡೆದ ಸೂಚಿಕಾರರು ಸಾಕ್ಷ್ಯಗಳನ್ನು ಕೇಳಿ, ಒಂದೊಂದು ನಿಮಿಷದ ಭಾಗಗಳಿಗೆ ವಿಷಯಪದಗಳನ್ನು ಹಚ್ಚಿದರು. ಆ ವಿಷಯಪದಗಳು ಅವರವರ ಮನಸ್ಸಿಗೆ ತೋಚಿದವಲ್ಲ. ಊರುಗಳು, ಶಿಬಿರಗಳು, ಅನುಭವಗಳು ಪರಸ್ಪರ ಸಂಬಂಧದೊಡನೆ ಜೋಡಣೆಯಾದ, ಹತ್ತಾರು ಸಾವಿರ ಪದಗಳ ಒಂದು ಸಮಾನ ಪದಕೋಶದಿಂದ ಆರಿಸಿದವು. ಹೀಗಾಗಿ ಮೊಮ್ಮಗನೊಬ್ಬ ತನ್ನ ಅಜ್ಜಿಯ ಹಳ್ಳಿಯ ಹೆಸರು ಕೊಟ್ಟರೆ, ಆ ಹಳ್ಳಿಯ ಮಾತು ಬರುವ ನಿಮಿಷಕ್ಕೇ ನೇರವಾಗಿ ಹೋಗಬಹುದು. ಸಾಕ್ಷ್ಯ ನುಡಿದವರ ಭಾಷೆ ಪೋಲಿಷ್ ಆಗಿರಲಿ, ಹಂಗೇರಿಯನ್ ಆಗಿರಲಿ, ಸೂಚಿಯ ದಾರಿ ಒಂದೇ.

ನಮ್ಮಲ್ಲಿಯೂ ಇಂಥ ಶ್ರದ್ಧೆಯ ಕೆಲಸ ನಡೆದಿಲ್ಲವೆಂದಲ್ಲ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತವರ ಪತ್ನಿ ಆನೆಲಿ ಹಾಂಕೊ, ನಮ್ಮವರೇ ಆದ ಪ್ರೊ. ಬಿ.ಎ. ವಿವೇಕ ರೈ ಹಾಗೂ ಪ್ರೊ. ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಧ್ವನಿ ಮತ್ತು ವಿಡಿಯೊಗಳಲ್ಲಿ ದಾಖಲಿಸಿದರು. ಆ ಬಳಿಕ ವರ್ಷಗಟ್ಟಲೆ ಕುಳಿತು ಸಾಲು ಸಾಲಾಗಿ ಅದನ್ನು ಬರಹಕ್ಕಿಳಿಸಿ, ಅನುವಾದದೊಡನೆ 1998ರಲ್ಲಿ ಪ್ರಕಟಿಸಿದರು. ಒಟ್ಟು 15,683 ಸಾಲುಗಳು. ಇಂದು ಯಾವುದೇ ದೇಶದ ಅಭ್ಯಾಸಿ ಆ ಕಾವ್ಯದ ಒಂದು ಘಟನೆಯನ್ನು ಸಾಲಿನ ಸಂಖ್ಯೆ ಹಿಡಿದು ಉಲ್ಲೇಖಿಸಬಲ್ಲ. ನಮ್ಮ ನೆಲದ ಮೌಖಿಕ ಕಲೆಗೆ ಎಷ್ಟು ಗೌರವ ಸಲ್ಲಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಆದರೆ ಪ್ರತಿ ಧ್ವನಿಮುದ್ರಣಕ್ಕೂ ಇಷ್ಟು ವರ್ಷ, ಇಷ್ಟು ವಿದ್ವಾಂಸರು ಸಿಗುವುದು ಸಾಧ್ಯವಿಲ್ಲ. ಅದಕ್ಕಾಗಿಯೇ ಯಂತ್ರದ ನೆರವನ್ನು ನಾವು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಈ ತಂತ್ರಜ್ಞಾನ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ನಿರ್ಧಾರ ಕೈಗೊಳ್ಳುವವರಲ್ಲಿ ಅನೇಕರು ಇದನ್ನು ಮಾಯಾಜಾಲವೆಂದೋ ಮೋಸವೆಂದೋ ಭಾವಿಸಿದ್ದಾರೆ. ವಿಡಿಯೊವನ್ನು ಎರಡು ದಾರಿಗಳಲ್ಲಿ ಓದಲಾಗುತ್ತದೆ. ಒಂದು, ಅದರ ಮಾತನ್ನು ಯಂತ್ರವೇ ಕೇಳಿ, ಪ್ರತಿ ವಾಕ್ಯಕ್ಕೂ ಕಾಲಸೂಚನೆ ಹಚ್ಚಿ ಬರಹಕ್ಕಿಳಿಸುವುದು. ಇನ್ನೊಂದು, ಅದರ ಚಿತ್ರಗಳನ್ನು ಸೆಕೆಂಡಿಗೊಂದರಂತೆ ಆರಿಸಿಕೊಳ್ಳುವುದು. ನಂತರ ಪ್ರತಿ ವಾಕ್ಯವನ್ನೂ ಪ್ರತಿ ಚಿತ್ರವನ್ನೂ ಕೆಲವು ನೂರು ಸಂಖ್ಯೆಗಳ ಸಾಲಾಗಿ ಮಾರ್ಪಡಿಸಲಾಗುತ್ತದೆ. ಭೂಪಟದಲ್ಲಿ ಪ್ರತಿ ಊರಿಗೂ ಅಕ್ಷಾಂಶ ರೇಖಾಂಶಗಳಿರುವಂತೆ ಈ ಸಂಖ್ಯೆಗಳು ಅರ್ಥದ ಒಂದು ವಿಸ್ತಾರದಲ್ಲಿ ಆ ವಾಕ್ಯದ ಸ್ಥಾನವನ್ನು ಹೇಳುತ್ತವೆ. ಹತ್ತಿರದ ಅರ್ಥದವು ಹತ್ತಿರ ಬೀಳುತ್ತವೆ. ನಾವು ಕೇಳುವ ಪ್ರಶ್ನೆಗೂ ಅದೇ ವಿಸ್ತಾರದಲ್ಲಿ ಒಂದು ಸ್ಥಾನ ಸಿಗುತ್ತದೆ, ಅದರ ನೆರೆಯಲ್ಲಿರುವ ತುಣುಕುಗಳು ಉತ್ತರವಾಗಿ ಬರುತ್ತವೆ. ಪದಗಳು ಬೇರೆಯಾದರೂ ವಾಲಿಯ ಆಕ್ಷೇಪದ ಮೂರೂ ರೂಪಗಳು ಒಟ್ಟಿಗೆ ಸಿಗುವ ಸಾಧ್ಯತೆ ಹುಟ್ಟುವುದು ಹೀಗೆ.

ವೆಚ್ಚದ ಬಗ್ಗೆಯೂ ತಪ್ಪು ಕಲ್ಪನೆಗಳಿವೆ. ಎಂಟು ಗಂಟೆಗಳ ಆಟದಿಂದ ಸೆಕೆಂಡಿಗೊಂದು ಚಿತ್ರ ತೆಗೆದರೆ 28,800 ಚಿತ್ರಗಳಾಗುತ್ತವೆ. ಒಂದೊಂದಕ್ಕೂ 512 ಸಂಖ್ಯೆಗಳ ಸಾಲು, ಒಂದು ಸಂಖ್ಯೆಗೆ ನಾಲ್ಕು ಬೈಟ್ ಎಂದು ಲೆಕ್ಕ ಹಾಕಿದರೆ ಇಡೀ ರಾತ್ರಿಯ ಚಿತ್ರಸೂಚಿ 60 ಎಂಬಿಯನ್ನು ಮೀರುವುದಿಲ್ಲ. ವಿಡಿಯೊವನ್ನು ಇಡಲು ಬೇಕಾದ ಜಾಗದ ಮುಂದೆ ಇದು ಏನೂ ಅಲ್ಲ. ಸೂಚಿ ತಯಾರಿಸುವಾಗ ಒಳ್ಳೆಯ ಕಂಪ್ಯೂಟರ್ ಬೇಕು, ನಿಜ. ತಯಾರಾದ ಸೂಚಿಯಲ್ಲಿ ಹುಡುಕಲು ಕಾಲೇಜು ಗ್ರಂಥಾಲಯದ ಸಾಧಾರಣ ಕಂಪ್ಯೂಟರೇ ಸಾಕು.

ಆದರೆ ಹೊರಗಿನಿಂದ ಸಿದ್ಧವಾಗಿ ಬಂದ ತಂತ್ರಾಂಶವನ್ನು ತಂದು ನಮ್ಮ ಸಂಗ್ರಹದ ಮೇಲೆ ಓಡಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಚಿತ್ರ ಮತ್ತು ಮಾತನ್ನು ಜೋಡಿಸಿ ನೋಡುವ ಮಾದರಿಗಳಲ್ಲಿ ಹೆಸರಾದ ಕ್ಲಿಪ್ ಅನ್ನು ಓಪನ್‌ಎಐ ಸಂಸ್ಥೆ 2021ರ ಜನವರಿಯಲ್ಲಿ ಪ್ರಕಟಿಸಿತು. ಅದು ಕಲಿತದ್ದು ಅಂತರಜಾಲದಿಂದ ಆಯ್ದ 40 ಕೋಟಿ ಚಿತ್ರ ಮತ್ತು ವಿವರಣೆಗಳ ಜೋಡಿಗಳಿಂದ. ಆ ವಿವರಣೆಗಳ ಭಾಷೆ ಮುಖ್ಯವಾಗಿ ಇಂಗ್ಲಿಷ್. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಬಣ್ಣದ ವೇಷಕ್ಕೂ ಕಿರೀಟ ವೇಷಕ್ಕೂ, ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟಿಗೂ ಬಡಗುತಿಟ್ಟಿಗೂ ಇರುವ ಅಂತರವನ್ನು ಅಂಥ ಮಾದರಿಗೆ ಯಾರೂ ಕಲಿಸಿಲ್ಲ. ಅದರ ಕಣ್ಣಿಗೆ ಎಲ್ಲವೂ ಬಣ್ಣ ಬಳಿದುಕೊಂಡ ನರ್ತಕರೇ. ಮುಖ ಗುರುತಿಸುವ ತಂತ್ರಾಂಶ ಇಲ್ಲಿ ಇನ್ನಷ್ಟು ನಿರುಪಯೋಗಿ: ಮುಖವರ್ಣಿಕೆಯ ಕೆಲಸವೇ ಕಲಾವಿದನ ಮುಖವನ್ನು ಮರೆಮಾಡಿ ಪಾತ್ರವನ್ನು ತೋರಿಸುವುದು. ಮಾತಿನ ವಿಷಯಕ್ಕೆ ಬಂದರೆ, ಅದೇ ಸಂಸ್ಥೆ 2022ರಲ್ಲಿ ಹೊರತಂದ ವಿಸ್ಪರ್ ಎಂಬ ಮಾತಿನಿಂದ ಬರಹದ ಮಾದರಿಗೆ 6.8 ಲಕ್ಷ ಗಂಟೆಗಳ ಧ್ವನಿಯನ್ನು ಕಲಿಸಲಾಗಿದ್ದರೂ, ಅದರಲ್ಲಿ ಮೂರನೇ ಎರಡು ಪಾಲಿನಷ್ಟು ಇಂಗ್ಲಿಷೇ ಆಗಿತ್ತು. ಕನ್ನಡವೂ ಸೇರಿ ಉಳಿದ 96 ಭಾಷೆಗಳು ತಮ್ಮದೇ ಬರಹದೊಡನೆ ಹಂಚಿಕೊಂಡದ್ದು 1.17 ಲಕ್ಷ ಗಂಟೆಗಳನ್ನು ಮಾತ್ರ.

ನಮ್ಮ ಕಲೆಗಳ ಸ್ವರೂಪವೂ ಈ ತಂತ್ರಾಂಶಗಳ ಎಣಿಕೆಗೆ ಹೊಂದುವುದಿಲ್ಲ. ಸಿನಿಮಾ ಅಥವಾ ಸುದ್ದಿಯ ವಿಡಿಯೊವನ್ನು ಭಾಗಗಳಾಗಿ ಒಡೆಯುವುದು ಸುಲಭ, ಏಕೆಂದರೆ ಶಾಟ್ ಬದಲಾದಾಗ ಚಿತ್ರ ತಟ್ಟನೆ ಬದಲಾಗುತ್ತದೆ. ಬಯಲಾಟದ ಹಳೆಯ ವಿಡಿಯೊಗಳಲ್ಲಿ ರಂಗಸ್ಥಳದ ಎದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಒಂದೇ ಕ್ಯಾಮೆರಾ ಬೆಳಗಿನವರೆಗೂ ಅಲುಗಾಡದೆ ನೋಡುತ್ತಿರುತ್ತದೆ. ಶಾಟ್ ಬದಲಾಗುವುದೇ ಇಲ್ಲ. ಅಲ್ಲಿ ಸಂದರ್ಭಗಳ ಗಡಿಯನ್ನು ಕಿವಿಯಿಂದ ಕಂಡುಹಿಡಿಯಬೇಕು. ಭಾಗವತರ ಪದ್ಯ ಮುಗಿದು ಅರ್ಥ ಆರಂಭವಾಗುವುದು, ಮದ್ದಳೆ ಹಿಂದೆ ಸರಿದು ಚೆಂಡೆ ಮುಂದೆ ಬರುವುದು, ತಾಳ ಬದಲಾಗುವುದು — ಇವೇ ಗಡಿಗಲ್ಲುಗಳು. ತಾಳಮದ್ದಳೆಯ ವಿಡಿಯೊದಲ್ಲಂತೂ ಚಿತ್ರದಿಂದ ತಿಳಿಯುವಂಥದ್ದು ಬಹುತೇಕ ಏನೂ ಇಲ್ಲ. ಶಾಲು ಹೊದ್ದು ಮೈಕಿನ ಮುಂದೆ ಕುಳಿತ ಕೆಲವರು, ಅಷ್ಟೇ. ಎಲ್ಲ ಸಾರವೂ ಮಾತಿನಲ್ಲಿದೆ. ಚೆಂಡೆಯ ಅಬ್ಬರದ ನಡುವೆ ಏರುದನಿಯಲ್ಲಿ ಹಾಡಿದ ಷಟ್ಪದಿಯನ್ನು ಬರಹಕ್ಕಿಳಿಸುವುದು ಯಂತ್ರಕ್ಕೆ ಬಹಳ ಕಷ್ಟ. ಆದರೆ ಪ್ರಸಂಗದ ಪದ್ಯಗಳು ಈಗಾಗಲೇ ಮುದ್ರಿತ ರೂಪದಲ್ಲಿ ಇರುವುದರಿಂದ, ಮುದ್ರಿತ ಪದ್ಯವನ್ನು ಧ್ವನಿಯ ಜೊತೆ ಹೊಂದಿಸಿ ಗುರುತು ಹಾಕುವುದು ಸಾಧ್ಯ. ಇದನ್ನು ಹೊಳೆಯಿಸಬಲ್ಲವರು ಪ್ರಸಂಗ ಬಲ್ಲವರೇ ಹೊರತು ತಂತ್ರಾಂಶ ಮಾರುವವರಲ್ಲ.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕು. ಈ ಬಗೆಯ ಹುಡುಕಾಟ ಯಾವಾಗಲೂ ಏನಾದರೊಂದು ಉತ್ತರ ಕೊಡುತ್ತದೆ. ಸಂಗ್ರಹದಲ್ಲಿ ನಾವು ಕೇಳಿದ್ದು ಇಲ್ಲವೇ ಇಲ್ಲದಿದ್ದರೂ, ಇರುವುದರಲ್ಲಿ ಹೆಚ್ಚು ಹತ್ತಿರದ್ದು ಯಾವುದೋ ಒಂದು ಇದ್ದೇ ಇರುತ್ತದೆ, ಅದನ್ನು ಅದು ಮೊದಲ ಸಾಲಿನಲ್ಲಿ ತಂದು ನಿಲ್ಲಿಸುತ್ತದೆ. ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲಿ ಕಾರ್ಡು ಇಲ್ಲವೆಂದರೆ ಇಲ್ಲ; ಓದುಗನಿಗೆ ಸಂಶಯಕ್ಕೆ ಅವಕಾಶವಿರಲಿಲ್ಲ. ಹೊಸ ವಿಧಾನದಲ್ಲಿ, ತಪ್ಪಾದ ತುಣುಕೂ ಸರಿಯಾದದ್ದರಂತೆಯೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಾರ್ವಜನಿಕ ಸಂಸ್ಥೆಗಳು ಇಂಥ ವ್ಯವಸ್ಥೆಯನ್ನು ಕೊಳ್ಳುವಾಗ, ಹೊಂದಾಣಿಕೆ ಎಷ್ಟಿದೆ ಎಂಬುದನ್ನು ತೋರಿಸಬೇಕು, ಒಂದು ಮಿತಿಗಿಂತ ಕಡಿಮೆಯಿದ್ದರೆ ‘ಸಿಗಲಿಲ್ಲ’ ಎಂದು ಹೇಳಬೇಕು, ಯಂತ್ರ ಹಚ್ಚಿದ ವಿಷಯಪದವನ್ನೂ ಮನುಷ್ಯ ಒಪ್ಪಿದ ವಿಷಯಪದವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು ಎಂದು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಗ್ರಂಥಾಲಯ ವೃತ್ತಿಯಲ್ಲಿ ಬಾಳಿದ ನನಗೆ ಇಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಅವರ ನೆನಪು ಬಾರದೆ ಇರದು. ಆ ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸು ಎನ್ನುತ್ತದೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಅದೇ ಊರಿನಲ್ಲಿ ಕಳೆದರು. ಒಂದು ವಿಷಯವನ್ನು ಒಂದೇ ಖಾನೆಯಲ್ಲಿ ಕೂಡಿಹಾಕದೆ ಅದರ ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಮುಖಗಳಾಗಿ ಬಿಡಿಸಿ ನೋಡಬೇಕೆಂದು ಅವರು ತೋರಿಸಿಕೊಟ್ಟ ವಿಧಾನ ಪುಸ್ತಕಕ್ಕಿಂತಲೂ ವಿಡಿಯೊಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಪಾತ್ರ ಯಾವುದು, ಪಾತ್ರಧಾರಿ ಯಾರು, ತಿಟ್ಟು ಯಾವುದು, ಸಂದರ್ಭವೇನು, ಪದ್ಯದ ರಾಗ ತಾಳಗಳೇನು, ಆಟ ನಡೆದ ಊರು ಮತ್ತು ವರ್ಷ ಯಾವುವು ಎಂದು ಪ್ರತಿ ತುಣುಕಿಗೂ ಮುಖಗಳನ್ನು ಜೋಡಿಸಿಟ್ಟರೆ, ಯಂತ್ರದ ಅಂದಾಜಿಗೆ ಒಂದು ಕಟ್ಟು ಸಿಗುತ್ತದೆ. ಹಿರಿಯ ಭಾಗವತರು, ಅರ್ಥಧಾರಿಗಳು, ವೇಷಧಾರಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಮಸುಕಾದ ವಿಡಿಯೊದಲ್ಲಿ ಹೆಜ್ಜೆ ನೋಡಿಯೇ ‘ಇದು ಇಂಥವರ ಕೀಚಕ’ ಎಂದು ಹೇಳಬಲ್ಲವರು ಅವರು. 2023ರಲ್ಲಿ ಬಲಿಪ ನಾರಾಯಣ ಭಾಗವತರು ತೀರಿಕೊಂಡಾಗ ಅವರ ಕಂಠದ ಜೊತೆಗೆ ಎಷ್ಟು ಪ್ರಸಂಗಗಳ ನಡೆ ನಮ್ಮ ಕೈಬಿಟ್ಟಿತೆಂದು ಬಲ್ಲವರು ಮರುಗಿದರು. ಉಳಿದವರನ್ನು ಕೂರಿಸಿ, ತಕ್ಕ ಗೌರವಧನ ಕೊಟ್ಟು, ವಿಡಿಯೊ ತೋರಿಸಿ ಅವರ ಮಾತನ್ನು ಕಾಲಸೂಚನೆಯೊಡನೆ ಬರೆದುಕೊಳ್ಳುವ ಕೆಲಸವನ್ನು ಸಾಫ್ಟ್‌ವೇರ್ ಬರಲೆಂದು ಕಾಯದೆ ಇಂದೇ ಆರಂಭಿಸಬಹುದು. ಯಂತ್ರಕ್ಕೆ ಮುಂದೆ ಕಲಿಸಬೇಕಾದದ್ದೂ ಅದನ್ನೇ.

ಕನ್ನಡದ ಮಟ್ಟಿಗೆ ತಾಂತ್ರಿಕ ಬಲವೂ ಸಿದ್ಧವಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಗಳ ಸಹಜ ಮಾತನ್ನು ಸಂಗ್ರಹಿಸುತ್ತಿದೆ. ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ ಭಾರತೀಯ ಭಾಷೆಗಳಿಗಾಗಿಯೇ ಮಾತು ಗುರುತಿಸುವ ಮಾದರಿಗಳನ್ನು ಮುಕ್ತವಾಗಿ ನೀಡಿದೆ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ‘ಭಾಷಿಣಿ’ 2022ರಿಂದ ನಡೆಯುತ್ತಿದೆ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಯಕ್ಷಗಾನ ಅಕಾಡೆಮಿಗಳಲ್ಲಿ ವಿಷಯ ಬಲ್ಲವರಿದ್ದಾರೆ. ಈ ಎರಡು ಪಂಗಡಗಳು ಒಂದೇ ಮೇಜಿನ ಸುತ್ತ ಕುಳಿತು ಕಲೆಗೊಂದು, ಕೃಷಿಗೊಂದು, ಜನಜೀವನಕ್ಕೊಂದು ಎಂಬಂತೆ ಕನ್ನಡದ ವಿಷಯಪದಕೋಶಗಳನ್ನು ಸಿದ್ಧಪಡಿಸುವುದು ಮೊದಲ ಹೆಜ್ಜೆಯಾಗಬೇಕು.

ಹಕ್ಕುಸ್ವಾಮ್ಯದ ಭಯದಿಂದ ಹಲವು ಸಂಸ್ಥೆಗಳು ಸಂಗ್ರಹಕ್ಕೆ ಬೀಗ ಹಾಕಿಕೊಂಡಿವೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೂ 50 ವರ್ಷಗಳ ಹಕ್ಕನ್ನು ಕೊಟ್ಟಿರುವುದು ನ್ಯಾಯವೇ, ಅದನ್ನು ಗೌರವಿಸಲೇಬೇಕು. ಆದರೆ ವಿಡಿಯೊವನ್ನು ಎಲ್ಲರಿಗೂ ತೆರೆಯುವುದು ಬೇರೆ, ಅದರಲ್ಲಿ ಏನಿದೆ ಎಂಬ ಸೂಚಿಯನ್ನು ತೆರೆಯುವುದು ಬೇರೆ. ಸೂಚಿ ಮುಕ್ತವಾಗಿದ್ದರೆ ಅಭ್ಯಾಸಿ ತನಗೆ ಬೇಕಾದ ನಿಮಿಷ ಯಾವ ಸಂಸ್ಥೆಯ ಯಾವ ಟೇಪಿನಲ್ಲಿದೆ ಎಂದು ತಿಳಿದು, ಅಲ್ಲಿಗೇ ಹೋಗಿ, ಅನುಮತಿ ಪಡೆದು ನೋಡುತ್ತಾನೆ. ಭೂತಕೋಲ, ನಾಗಮಂಡಲದಂಥ ಆರಾಧನೆಗಳ ದಾಖಲೆಗಳ ವಿಷಯದಲ್ಲಿ ಮಾತ್ರ ಇಷ್ಟೂ ಸಲ್ಲದು. ಸೂಚಿಯಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಆಯಾ ಮನೆತನದವರನ್ನೂ ಸಮುದಾಯದವರನ್ನೂ ಕೇಳಿಯೇ ತೀರ್ಮಾನಿಸಬೇಕು. ಹಾಗೆಯೇ ಪ್ರೇಕ್ಷಕರ ಮುಖಗಳನ್ನು ಗುರುತಿಸಿ ಹೆಸರು ಹಚ್ಚುವ ಯಾವ ಪ್ರಯತ್ನಕ್ಕೂ ಇಲ್ಲಿ ಎಡೆಯಿರಕೂಡದು.

ಸರ್ಕಾರವನ್ನು ಮತ್ತು ಸಂಬಂಧಪಟ್ಟ ಸಂಸ್ಥೆಗಳನ್ನು ನಾನು ಕೇಳಿಕೊಳ್ಳುವುದಿಷ್ಟು. ಡಿಜಿಟಲೀಕರಣದ ಟೆಂಡರುಗಳಲ್ಲಿ ಎಷ್ಟು ಟೇಪು, ಎಷ್ಟು ಗಂಟೆ ಎಂಬ ಲೆಕ್ಕದ ಮೇಲೆಯೇ ಹಣ ಪಾವತಿಯಾದರೆ, ಗುತ್ತಿಗೆ ಪಡೆದವರು ಗಂಟೆಗಳನ್ನು ಪೂರೈಸಿ ಹೋಗುತ್ತಾರೆ. ಇನ್ನು ಮುಂದೆ ಸಿದ್ಧವಾಗುವ ಪ್ರತಿ ಟೆಂಡರಿನಲ್ಲಿ ಕಾಲಸೂಚನೆಯುಳ್ಳ ಕನ್ನಡ ಬರಹ, ವಿಷಯ ಬಲ್ಲವರು ಪರಿಶೀಲಿಸಿದ ಸೂಚಿ, ಮತ್ತು ಯಾವುದೇ ಒಂದು ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳದ ಮುಕ್ತ ಕಡತ ರೂಪ ಇವು ಮೂರನ್ನೂ ಕೆಲಸದ ಭಾಗವೆಂದೇ ಸೇರಿಸಿ, ಕೊನೆಯ ಕಂತನ್ನು ಸೂಚಿ ಒಪ್ಪಿಸಿದ ಮೇಲೆಯೇ ಬಿಡುಗಡೆ ಮಾಡಬೇಕು. ಈಗಾಗಲೇ ಡಿಜಿಟಲೀಕರಣಗೊಂಡು ಹಾರ್ಡ್‌ಡಿಸ್ಕ್‌ಗಳಲ್ಲಿ ಮಲಗಿರುವ ವಿಡಿಯೊಗಳಿಗೆ ಪ್ರತ್ಯೇಕ ಅನುದಾನವಿಟ್ಟು, ವಯಸ್ಸಾದ ಕಲಾವಿದರು ಗುರುತಿಸಬಲ್ಲ ಧ್ವನಿಮುದ್ರಣಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾಲೇಜು ಗ್ರಂಥಪಾಲಕ, ಶಿರಸಿ